ದೇವದತ್ತ ಮತ್ತು ಕುದುರೆ ಟ್ರಾಂ

ಕುದುರೆಗಳ ಮೈಯಿಂದ ಹಬೆ ಏಳುತ್ತಿದೆ. ನೆಲದ ಮೇಲೆ ಬಿದ್ದ ಹಿಮ ಕಾಲ್ತುಳಿತಕ್ಕೆ ಸಿಕ್ಕಿ ಅರೆಬರೆ ಕೆಸರಾಗಿದೆ. ರಬ್ಬರ್ ಕೋಟು ತೊಟ್ಟ ಚಾಲಕ ಕುದುರೆಗಳ ಬಳಿ ನಿಂತಿದ್ದಾನೆ. ಅಲ್ಲೇ ಟ್ರಾಂ ಗಾಡಿ, ಹಿನ್ನೆಲೆಯಲ್ಲಿ ದೊಡ್ಡದೊಂದು ಕಲ್ಲುಕಟ್ಟಡ. ಅಮೆರಿಕದ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ನ್ಯೂಯಾರ್ಕಿನ ಚಳಿಯಲ್ಲಿ ಕೈಕ್ಯಾಮರಾದಿಂದ ತೆಗೆದ ಈ ಚಿತ್ರದ ಹೆಸರು ‘ದಿ ಟರ್ಮಿನಲ್’. ಸಂಗ್ರಹಾಲಯಗಳು ಸಾಮಾನ್ಯವಾಗಿ ಇದಕ್ಕೆ ಹಾಕುವ ವರ್ಷ 1893. ಕೆಲವೆಡೆ 1892 ಎಂದೂ ಅಚ್ಚಾಗಿದೆ.

ಜಾಗ ಯಾವುದೆಂಬ ಬಗ್ಗೆ ತಕರಾರಿಲ್ಲ. ಅದನ್ನು ಸ್ಟೀಗ್ಲಿಟ್ಸನೇ ಮುಂದೆ ಹೇಳಿದ್ದಾನೆ: ಹಳೆಯ ಅಂಚೆ ಕಚೇರಿಯ ಮುಂದೆ, ಆಸ್ಟರ್ ಹೌಸ್ ಹೋಟೆಲಿನ ಎದುರಿಗೆ, ಥರ್ಡ್ ಅವೆನ್ಯೂ ಮತ್ತು ಮ್ಯಾಡಿಸನ್ ಅವೆನ್ಯೂ ಟ್ರಾಮುಗಳು ಬಂದು ನಿಲ್ಲುತ್ತಿದ್ದ ಕೊನೆಯ ತಾಣದಲ್ಲಿ. ಚಾಲಕ ಕುದುರೆಗಳಿಗೆ ನೀರು ಕುಡಿಸುತ್ತಿದ್ದನಂತೆ. ಯೂರೋಪಿನಲ್ಲಿ ವರ್ಷಗಟ್ಟಲೆ ಇದ್ದು 1890ರಲ್ಲಿ ಮರಳಿದ್ದ ತನ್ನ ಒಂಟಿತನವೇ ಆ ನೋಟವನ್ನು ಹಾಗೆ ಕಾಣಿಸಿತು ಎಂದೂ ಅವನು ಹೇಳಿಕೊಂಡಿದ್ದಾನೆ.

ಈಗ ಲೆಕ್ಕ ಹಾಕಿ. 1880ರಲ್ಲಿ ಕಟ್ಟಿ ಮುಗಿಸಿದ ಆ ಅಂಚೆ ಕಚೇರಿಯನ್ನು 1939ರ ಹೊತ್ತಿಗೆ ನೆಲಸಮ ಮಾಡಿ ಜಾಗವನ್ನು ಸಿಟಿ ಹಾಲ್ ಪಾರ್ಕಿಗೆ ಸೇರಿಸಿದರು. 1836ರಲ್ಲಿ ತೆರೆದಿದ್ದ ಆಸ್ಟರ್ ಹೌಸ್ 1913ರಲ್ಲಿ ಅರ್ಧ ಹೋಯಿತು, 1926ರಲ್ಲಿ ಪೂರ್ತಿ ಹೋಯಿತು. ಊರಿನ ಕಡೆಯ ಕುದುರೆ ಟ್ರಾಂ ಬ್ಲೀಕರ್ ಸ್ಟ್ರೀಟಿನ ದಾರಿಯಲ್ಲಿ 1917ರ ಜುಲೈ 26ರಂದು ಓಡಿ ನಿಂತಿತು. ಕುದುರೆ ಹೋಯಿತು, ಗಾಡಿ ಹೋಯಿತು, ಹಳಿ ಹೋಯಿತು, ಹಿಂದಿನ ಕಟ್ಟಡ ಹೋಯಿತು, ಎದುರಿನ ಹೋಟೆಲೂ ಹೋಯಿತು. ಇಷ್ಟೆಲ್ಲ ಹೋದ ಮೇಲೂ ಚಿತ್ರದ ಪ್ರತಿ ಹಿಡಿದು ಪಾರ್ಕಿನ ದಕ್ಷಿಣ ತುದಿಯಲ್ಲಿ ನಿಂತವರು ‘ಇದೇ ಆ ಜಾಗ’ ಎನ್ನುತ್ತಾರೆ.

ಏನನ್ನು ಕಂಡು?

ಹಳೆಯ ಟ್ರಾಂ ಚಿತ್ರಗಳ ಜಾಗ ಪತ್ತೆ ಮಾಡುವುದು ಜಗತ್ತಿನ ಅನೇಕ ಊರುಗಳಲ್ಲಿ ಒಂದು ಗೀಳು. ಬೂದುಬಣ್ಣದ ಒಂದು ಬೀದಿ, ಒಂದು ಟ್ರಾಂ, ಟೋಪಿ ಹಾಕಿದ ನಾಲ್ಕು ಜನ, ಹಿಂದೆ ಬರಹವಿಲ್ಲದ ರಟ್ಟು. ಇಷ್ಟನ್ನೇ ಇಟ್ಟುಕೊಂಡು ಹಳೆಯ ನಕ್ಷೆ, ವ್ಯಾಪಾರಿಗಳ ವಿಳಾಸಪುಸ್ತಕ, ಅಗ್ನಿವಿಮೆಯ ಕಂಪನಿಗಳು ಮನೆಮನೆಯ ಗೋಡೆ ಯಾವುದರದೆಂದು ಬಣ್ಣ ಹಚ್ಚಿ ಬರೆಸಿಟ್ಟ ಹಾಳೆಗಳು, ಎಲ್ಲವನ್ನೂ ಹರಡಿಕೊಂಡು ಕೂರುವವರಿದ್ದಾರೆ. ನೋಡುವವರಿಗೆ ಇದು ಬಿಡುವಿನ ಆಟ. ಆದರೆ ಆಟದ ಒಳಗಿರುವ ಪ್ರಶ್ನೆ ನಮ್ಮ ದರ್ಶನಕಾರರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಜಗಳವಾಡಿದ ಪ್ರಶ್ನೆ. ಅವರು ಅದಕ್ಕೆ ಇಟ್ಟ ಹೆಸರು ಪ್ರತ್ಯಭಿಜ್ಞೆ, ಅಂದರೆ ‘ಇದೇ ಅದು’ ಎಂಬ ಗುರುತಿಕೆ. ಕಾಶ್ಮೀರದ ಶೈವರು ತಮ್ಮ ಇಡೀ ದರ್ಶನಕ್ಕೇ ಆ ಹೆಸರಿಟ್ಟುಕೊಂಡರು. ಉಳಿದವರು ದೇವದತ್ತ ಎಂಬ ಬಡಪಾಯಿಯನ್ನು ಹಿಡಿದುಕೊಂಡರು.

‘ಸೋಽಯಂ ದೇವದತ್ತಃ’: ಅವನೇ ಈ ದೇವದತ್ತ. ಹಿಂದೆಂದೋ ಬೇರೊಂದು ಊರಿನಲ್ಲಿ ಕಂಡವನು ಇಂದು ಇಲ್ಲಿ ಎದುರಾಗಿದ್ದಾನೆ. ಅಂದು ತರುಣ, ಇಂದು ತಲೆ ನರೆತಿದೆ. ಹಾಗಿದ್ದೂ ‘ಅವನೇ’ ಎನ್ನುತ್ತೇವೆ. ಅದ್ವೈತಿಗಳು ಈ ವಾಕ್ಯವನ್ನು ಬಹಳ ಚಂದವಾಗಿ ಬಿಡಿಸಿದರು. ‘ಅವನು’ ಎಂಬುದರಲ್ಲಿ ಅಂದಿನ ಕಾಲ, ಅಲ್ಲಿನ ದೇಶ ಅಂಟಿಕೊಂಡಿವೆ. ‘ಇವನು’ ಎಂಬುದರಲ್ಲಿ ಇಂದಿನ ಕಾಲ, ಇಲ್ಲಿನ ದೇಶ. ಇವು ಒಂದಕ್ಕೊಂದು ಕೂಡಿ ಬರುವುದಿಲ್ಲ. ಆದ್ದರಿಂದ ಕೂಡದ ಭಾಗವನ್ನು ಕಳಚಿ, ಉಳಿದ ಬರಿಯ ದೇವದತ್ತನನ್ನು ಹಿಡಿಯಬೇಕು. ‘ತತ್ತ್ವಮಸಿ’ಯ ಅರ್ಥ ತೆಗೆಯಲು ಅವರು ಬಳಸಿದ ಕೀಲಿಕೈ ಇದೇ.

ಟ್ರಾಂ ಚಿತ್ರದ ಮುಂದೆ ಈ ಕೀಲಿಕೈ ತಿರುಗುವುದಿಲ್ಲ. ದೇವದತ್ತನ ವಿಷಯದಲ್ಲಿ ದೇಶವನ್ನು ಕಳಚಿದರೂ ದೇವದತ್ತ ಉಳಿಯುತ್ತಾನೆ. ಇಲ್ಲಿ ಗುರುತಿಸಬೇಕಾಗಿರುವುದೇ ದೇಶ. ದೇಶವೇ ದೇವದತ್ತ. ಕಾಲವನ್ನು ಕಳಚಬಹುದು, ಕಟ್ಟಡವನ್ನೂ ಕುದುರೆಯನ್ನೂ ಕಳಚಬಹುದು, ಆದರೆ ಎಲ್ಲಿಯವರೆಗೆ ಕಳಚುತ್ತ ಹೋಗುವುದು? ಎಲ್ಲ ಕಳಚಿದ ಮೇಲೆ ಕೈಯಲ್ಲಿ ಉಳಿಯುವುದು ಅಕ್ಷಾಂಶ ರೇಖಾಂಶದ ಎರಡು ಅಂಕೆ. ಆ ಅಂಕೆಗಳನ್ನು ಯಾರೂ ಕಂಡು ‘ಅರೆ, ಇದೇ!’ ಎಂದು ಉದ್ಗರಿಸಿದ್ದಿಲ್ಲ.

ಈ ತೊಡಕನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಪತ್ತೆಯ ಕೆಲಸ ನಿಜಕ್ಕೂ ನಡೆಯುವ ಬಗೆಯನ್ನು ನೋಡೋಣ. ತರ್ಕಶಾಸ್ತ್ರ ಓದಿದವರಿಗೆ ಅಲ್ಲಿ ಹೆಜ್ಜೆಹೆಜ್ಜೆಗೂ ಪರಿಚಿತರು ಸಿಗುತ್ತಾರೆ.

ಹೊಸಬರು ಮೊದಲು ಬೀಳುವ ಗುಂಡಿ ಟ್ರಾಮಿನ ಹಣೆಪಟ್ಟಿ. ಅದರ ಮೇಲೆ ‘ಹಾರ್ಲೆಂ’ ಎಂದು ಬರೆದಿದ್ದರೆ ಚಿತ್ರ ಹಾರ್ಲೆಮಿನದು ಎಂದು ಬಿಡುತ್ತಾರೆ. ಹಣೆಪಟ್ಟಿ ಹೇಳುವುದು ಗಾಡಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು, ಎಲ್ಲಿ ನಿಂತಿದೆ ಎಂಬುದನ್ನಲ್ಲ. ಎಲ್ಲಿಗೆ ಹೋಗುತ್ತದೋ ಅಲ್ಲಿ ಅದು ಇನ್ನೂ ಇಲ್ಲ ಎಂಬುದಕ್ಕೇ ಬಹುತೇಕ ಅದು ಸಾಕ್ಷಿ. ಎರಡನೆಯ ಗುಂಡಿ ಕಂಬಗಳ ಸಾಲಿನ ಭವ್ಯ ಕಟ್ಟಡ. 19ನೇ ಶತಮಾನದ ಅಮೆರಿಕದಲ್ಲಿ ಬ್ಯಾಂಕು, ಕೋರ್ಟು, ಅಂಚೆ ಕಚೇರಿ, ಗ್ರಂಥಾಲಯ ಎಲ್ಲಕ್ಕೂ ಅದೇ ಕಂಬ. ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಇಂಥ ಸುಳಿವನ್ನು ವ್ಯಭಿಚಾರಿ ಹೇತು ಎಂದು ಕರೆದರು, ಎಲ್ಲರ ಮನೆಗೂ ಹೋಗಿಬರುವ ಸಾಕ್ಷಿ ಎಂಬ ಅರ್ಥದಲ್ಲಿ. ಇನ್ನು ಯಾರಾದರೂ ಟ್ರಾಂ ಓಡುವ ಹಳೆಯ ಚಿತ್ರವೊಂದನ್ನು ತೋರಿಸಿ ‘ಇದು ಬೆಂಗಳೂರು ದಂಡಿನ ರಸ್ತೆ’ ಎಂದರೆ ವಾದಕ್ಕೆ ಇಳಿಯುವ ಅಗತ್ಯವೇ ಇಲ್ಲ. ಬೆಂಗಳೂರಿನಲ್ಲಿ ಟ್ರಾಂ ಓಡಲೇ ಇಲ್ಲ. ಬೇರೆ ಪ್ರಮಾಣದಿಂದ, ಅಂದರೆ ಅರಿವಿನ ಬೇರೊಂದು ಸಾಧನದಿಂದ, ಆಗಲೇ ಸುಳ್ಳೆಂದು ತೀರಿಹೋದ ಇಂಥ ಮಾತಿಗೆ ಶಾಸ್ತ್ರದಲ್ಲಿ ಬಾಧಿತ ಎಂದು ಹೆಸರು.

ಎಲ್ಲಕ್ಕಿಂತ ರಸವತ್ತಾದ ಪ್ರಕರಣ ತಂತಿಯದು. ಟ್ರಾಮಿನ ತಲೆಯ ಮೇಲೆ ತಂತಿ ಕಾಣದಿದ್ದರೆ ಅದು ವಿದ್ಯುತ್ತಿಗೆ ಮೊದಲಿನ ಚಿತ್ರ ಎಂದು ತೀರ್ಮಾನಿಸುವುದು ಸಹಜ. ಆದರೆ ಮ್ಯಾನ್‌ಹಟನ್ನಿನಲ್ಲಿ ಬೀದಿಯ ಮೇಲೆ ಟ್ರಾಂ ತಂತಿ ಎಳೆಯಲು ಬಿಡಲಿಲ್ಲ. ಅಲ್ಲಿ ವಿದ್ಯುತ್ತು ಹರಿಯುತ್ತಿದ್ದುದು ಎರಡು ಹಳಿಗಳ ನಡುವೆ ನೆಲದೊಳಗೆ ತೋಡಿದ ಕಾಲುವೆಯಲ್ಲಿ. ಮೇಲೆ ಕಾಣುವುದು ಒಂದು ಸಣ್ಣ ಸೀಳು ಮಾತ್ರ. ಅದೇ ಸೀಳು ನೆಲದಡಿಯ ಹಗ್ಗದಿಂದ ಎಳೆಸಿಕೊಳ್ಳುವ ಕೇಬಲ್ ಟ್ರಾಮಿಗೂ ಇರುತ್ತದೆ. ನದಿಯಾಚೆಯ ಬ್ರೂಕ್ಲಿನ್ನಿನಲ್ಲಿ ಮಾತ್ರ ತಂತಿ, ಕೋಲು ಎಲ್ಲ ಇತ್ತು. ಅಲ್ಲಿನ ಜನ ವಿದ್ಯುತ್ ಟ್ರಾಮುಗಳಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದುದರಿಂದಲೇ ಅಲ್ಲಿಯ ಬೇಸ್‌ಬಾಲ್ ತಂಡಕ್ಕೆ ‘ಡಾಡ್ಜರ್ಸ್’ ಎಂಬ ಹೆಸರು ಬಂತು.

ಹಾಗಾದರೆ ‘ತಂತಿ ಇಲ್ಲ’ ಎಂಬುದು ಯಾವಾಗ ಸಾಕ್ಷಿಯಾಗುತ್ತದೆ? ಮೀಮಾಂಸಕ ಕುಮಾರಿಲ ಭಟ್ಟನ ಅನುಯಾಯಿಗಳು ಕಾಣದಿರುವುದನ್ನೇ ಒಂದು ಪ್ರಮಾಣವೆಂದು ಒಪ್ಪಿ ಅನುಪಲಬ್ಧಿ ಎಂದು ಹೆಸರಿಟ್ಟರು. ಬೌದ್ಧ ತಾರ್ಕಿಕ ಧರ್ಮಕೀರ್ತಿ ಅದನ್ನು ಅನುಮಾನದೊಳಗೇ ಒಂದು ಹೇತುವಾಗಿ ಸೇರಿಸಿಕೊಂಡ. ಇಬ್ಬರ ಪಂಥದವರೂ ಹಾಕಿದ ಷರತ್ತು ಹೆಚ್ಚುಕಡಿಮೆ ಒಂದೇ: ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬಂಥ ವಸ್ತು ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬಹುದು. ಹಗಲಿನಲ್ಲಿ ಮೇಜಿನ ಮೇಲೆ ಮಡಕೆ ಕಾಣದಿದ್ದರೆ ಮಡಕೆ ಇಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನೂ ಹೇಳುವಂತಿಲ್ಲ. ಹಳೆಯ ಗಾಜಿನ ಪ್ಲೇಟುಗಳು ನೀಲಿ ಬೆಳಕಿಗೆ ವಿಪರೀತ ಸ್ಪಂದಿಸುತ್ತಿದ್ದವು, ಆಕಾಶವೆಲ್ಲ ಬಿಳಿಚಿ ಹೋಗುತ್ತಿತ್ತು. ಆ ಬಿಳುಪಿನಲ್ಲಿ ತೆಳ್ಳನೆಯ ತಂತಿ ಕರಗಿಹೋಗಿರಬಹುದು. ಚಿತ್ರದ ಆಕಾಶ ಒಂದು ಬಗೆಯ ಕತ್ತಲೆ, ಬೆಳ್ಳಗಿರುವ ಕತ್ತಲೆ.

ಇದಕ್ಕೆ ಇನ್ನೂ ದೊಡ್ಡ ಉದಾಹರಣೆ ಪ್ಯಾರಿಸ್ಸಿನಲ್ಲಿದೆ. ಲೂಯಿ ಡಾಗೇರ್ 1838ರ ಸುಮಾರಿಗೆ ‘ಬುಲೆವಾರ್ ದ್ಯು ತಾಂಪ್ಲ್’ ಎಂಬ ಬೀದಿಯನ್ನು ಮೇಲಿನ ಕಿಟಕಿಯೊಂದರಿಂದ ತೆಗೆದ. ಗಿಜಿಗುಡುವ ಬೀದಿ ಅದು. ಚಿತ್ರದಲ್ಲಿ ಮಾತ್ರ ಬಿಕೋ ಎನ್ನುತ್ತದೆ. ಬೆಳಕು ಅಚ್ಚೊತ್ತಲು ಹಲವು ನಿಮಿಷ ಬೇಕಾಗಿದ್ದ ಕಾಲದಲ್ಲಿ ಚಲಿಸುವ ಗಾಡಿ, ಕುದುರೆ, ಜನ ಯಾರೂ ಪ್ಲೇಟಿನ ಮೇಲೆ ಉಳಿಯಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಅಲ್ಲಾಡದೆ ನಿಂತ ಒಬ್ಬನೇ ಒಬ್ಬ ಉಳಿದ. ಅದರ ಮೇಲೆ, ಡಾಗೇರ್‌ನ ವಿಧಾನದಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿ ಮೂಡುತ್ತಿತ್ತು. ಖಾಲಿಯಲ್ಲದ್ದು ಖಾಲಿಯಾಗಿ, ಎಡ ಬಲವಾಗಿ ಕಂಡ ಚಿತ್ರ. ಹಾಗಿದ್ದೂ ಅದು ಸುಳ್ಳು ಹೇಳುತ್ತಿಲ್ಲ. ಧರ್ಮಕೀರ್ತಿಯ ಭಾಷೆಯಲ್ಲಿ ಹೇಳುವುದಾದರೆ ಛಾಯಾಚಿತ್ರ ಒಂದು ಕಾರ್ಯಹೇತು. ಹೊಗೆ ಬೆಂಕಿಯ ಫಲವಾದ್ದರಿಂದ ಬೆಂಕಿಯನ್ನು ತೋರುವಂತೆ, ಚಿತ್ರ ಆ ಜಾಗದ ಬೆಳಕಿನ ಫಲವಾದ್ದರಿಂದ ಜಾಗವನ್ನು ತೋರುತ್ತದೆ. ಫ್ರೆಂಚ್ ಲೇಖಕ ರೋಲಾಂ ಬಾರ್ತ್ 1980ರಲ್ಲಿ ಛಾಯಾಚಿತ್ರದ ಮೇಲೆ ಬರೆದ ಪುಸ್ತಕದಲ್ಲಿ ತಲುಪಿದ್ದೂ ಸುಮಾರಾಗಿ ಇಲ್ಲಿಗೇ: ಇಂಥದೊಂದು ಇತ್ತು ಎಂಬುದನ್ನು ಚಿತ್ರ ಖಚಿತವಾಗಿ ಹೇಳುತ್ತದೆ. ಏನು, ಎಲ್ಲಿ ಎಂಬ ಪ್ರಶ್ನೆಗೆ ಅದು ಮೂಕ.

ಮೂಕನ ಪರವಾಗಿ ಮಾತಾಡಲು ಬರುವುದು ಶಬ್ದಪ್ರಮಾಣ, ಅಂದರೆ ಆಪ್ತರ ಮಾತು. ‘ದಿ ಟರ್ಮಿನಲ್’ ಚಿತ್ರದ ಜಾಗ ನಮಗೆ ಗೊತ್ತಾಗಿರುವುದು ಹಾಗೆ. ಆದರೆ ಆಪ್ತವಾಕ್ಯವೂ ಕೈಯಿಂದ ಕೈಗೆ ದಾಟುವಾಗ ಏನಾಗುತ್ತದೆ ಎಂಬುದಕ್ಕೆ ಇದೇ ಸ್ಟೀಗ್ಲಿಟ್ಸನ ಇನ್ನೊಂದು ಚಿತ್ರ ನಿದರ್ಶನ. 1907ರಲ್ಲಿ ಅವನು ಹಡಗೊಂದರಲ್ಲಿ ತೆಗೆದ ‘ದಿ ಸ್ಟೀರೇಜ್’ನಲ್ಲಿ ಕೆಳದರ್ಜೆಯ ಪ್ರಯಾಣಿಕರು ಗಂಟುಮೂಟೆ ಸಮೇತ ತುಂಬಿದ್ದಾರೆ. ಅಮೆರಿಕಕ್ಕೆ ಬಂದಿಳಿಯುವ ವಲಸಿಗರ ಚಿತ್ರವೆಂದು ಅದನ್ನು ಎಷ್ಟೋ ಕಡೆ ಬಳಸಲಾಗಿದೆ. ಹಡಗು ಹೊರಟಿದ್ದು ನ್ಯೂಯಾರ್ಕಿನಿಂದ ಯೂರೋಪಿಗೆ. ಆ ಜನ ಬರುತ್ತಿದ್ದವರಲ್ಲ, ಹೋಗುತ್ತಿದ್ದವರು. ತೆಗೆದವನು ಎಲ್ಲಿಗೆ ಹೊರಟಿದ್ದನೆಂದು ದಾಖಲೆ ಇದ್ದರೂ ನೋಡುವವರ ಆಸೆ ದಾಖಲೆಯನ್ನು ಗೆದ್ದಿತು.

ಸ್ಯಾನ್‌ಫ್ರಾನ್ಸಿಸ್ಕೋದ ಕಥೆ ಇದಕ್ಕೆ ಉಲ್ಟಾ. ಅಲ್ಲಿ ದಾಖಲೆಯೇ ತಪ್ಪಿತ್ತು, ಕೆಸರುನೀರು ಸರಿಮಾಡಿತು. ಮೈಲ್ಸ್ ಸಹೋದರರು ಕೇಬಲ್ ಟ್ರಾಮಿನ ಮೂತಿಗೆ ಕ್ಯಾಮರಾ ಕಟ್ಟಿಕೊಂಡು ಮಾರ್ಕೆಟ್ ಸ್ಟ್ರೀಟಿನುದ್ದಕ್ಕೂ ಕಡಲಂಚಿನ ಫೆರ್ರಿ ಕಟ್ಟಡದವರೆಗೆ ತೆಗೆದ ಹದಿಮೂರು ನಿಮಿಷದಷ್ಟು ಉದ್ದದ ಮೂಕಿಚಿತ್ರ ಅದು. ಜಾಗದ ಬಗ್ಗೆ ಅನುಮಾನವಿಲ್ಲ, ಗಡಿಯಾರದ ಗೋಪುರ ಎದುರಿಗೇ ಇದೆ. ಕಾಲವನ್ನು ಮಾತ್ರ 1905 ಎಂದು ಬರೆದಿಡಲಾಗಿತ್ತು. ಚಿತ್ರ ಇತಿಹಾಸಕಾರ ಡೇವಿಡ್ ಕೀನ್ ಬೀದಿಯಲ್ಲಿ ನಿಂತ ನೀರನ್ನು ಗಮನಿಸಿದರು. ದಾಖಲೆಯಲ್ಲಿದ್ದ ತಿಂಗಳಲ್ಲಿ ಆ ಊರಿನಲ್ಲಿ ಅಂಥ ಮಳೆಯೇ ಬಿದ್ದಿರಲಿಲ್ಲ. ಹಳೆಯ ಪತ್ರಿಕೆಗಳ ಹವಾಮಾನ ವರದಿ, ನೆರಳಿನ ಓರೆ, ಒಂದು ಮೋಟಾರು ಕಾರಿನ ನೋಂದಣಿ ಸಂಖ್ಯೆ, ಪತ್ರಿಕಾ ಜಾಹೀರಾತು, ಎಲ್ಲ ಒಟ್ಟುಗೂಡಿಸಿದಾಗ ಕಾಲ 1906ರ ವಸಂತಕ್ಕೆ ಬಂದು ನಿಂತಿತು. ಆ ವರ್ಷದ ಏಪ್ರಿಲ್ 18ರ ಬೆಳಗಿನ ಜಾವ 5 ಗಂಟೆ 12 ನಿಮಿಷಕ್ಕೆ ಭೂಕಂಪವಾಗಿ, ಹಿಂದೆಯೇ ಎದ್ದ ಬೆಂಕಿಯಲ್ಲಿ ಆ ಬೀದಿಯ ಬಹುಪಾಲು ಸುಟ್ಟುಹೋಯಿತು.

ಇಲ್ಲಿ ಎರಡು ಸಂಗತಿಗಳಿವೆ. ಒಂದು, ಈ ಸುಳಿವುಗಳಲ್ಲಿ ಯಾವುದೂ ಒಂಟಿಯಾಗಿ ನಿಲ್ಲುವಂಥದ್ದಲ್ಲ. ನೀರು ಬೀದಿ ತೊಳೆಯುವ ಗಾಡಿಯಿಂದ ಬಿದ್ದಿರಬಹುದು. ನೆರಳು ವರ್ಷಕ್ಕೆ ಎರಡು ಸಲ ಒಂದೇ ಓರೆಗೆ ಬರುತ್ತದೆ. ಹೊಗೆ ಕಂಡರೆ ಬೆಂಕಿ ಎನ್ನುವ ಪಾಠಶಾಲೆಯ ಅನುಮಾನದಲ್ಲಿ ಒಂದು ಹೇತು, ಒಂದು ವ್ಯಾಪ್ತಿ, ಅಂದರೆ ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ ಎಂಬಂಥ ನಿಯಮ. ನಿಜವಾದ ಪತ್ತೇದಾರಿಕೆಯಲ್ಲಿ ಬಡಕಲು ಸಾಕ್ಷಿಗಳ ಜಾತ್ರೆ. ಒಬ್ಬೊಬ್ಬನನ್ನೂ ನಂಬಲಾಗದು, ಆದರೆ ಪರಸ್ಪರ ಪರಿಚಯವಿಲ್ಲದ ಐದು ಜನ ಒಂದೇ ಮಾತು ಹೇಳಿದರೆ ನಂಬದಿರುವುದು ಕಷ್ಟ. ಇನ್ನೊಂದು, ವರ್ಷ ಬದಲಾದಾಗ ಚಿತ್ರದಲ್ಲಿ ಒಂದು ಚುಕ್ಕಿಯೂ ಬದಲಾಗಲಿಲ್ಲ. ಅದೇ ಹುಡುಗ ಟ್ರಾಮಿನ ಮುಂದೆ ಓಡುತ್ತಾನೆ, ಅದೇ ಗಾಡಿಗಳು ಅಡ್ಡ ಬರುತ್ತವೆ. ಆದರೆ ನಿನ್ನೆಯವರೆಗೆ ಹಳೆಯ ಕಾಲದ ಜನರಾಗಿದ್ದವರು ಇವತ್ತು, ಕೆಲವೇ ದಿನಗಳಲ್ಲಿ ಮನೆ ಕಳೆದುಕೊಳ್ಳಲಿರುವ ಜನರಾದರು. ಜ್ಞಾನ ವಸ್ತುವನ್ನು ಬದಲಿಸುವುದಿಲ್ಲ ಎಂಬ ಮಾತನ್ನು ಒಪ್ಪಿಕೊಂಡೇ ಆ ಚಿತ್ರವನ್ನು ಎರಡನೆಯ ಸಲ ನೋಡಲು ಪ್ರಯತ್ನಿಸಬೇಕು.

ಪಕ್ಕಕ್ಕಿಟ್ಟ ತೊಡಕಿಗೆ ಮರಳಬಹುದು. ಎಲ್ಲವೂ ಹೋದ ಮೇಲೆ ‘ಇದೇ ಆ ಜಾಗ’ ಎಂಬುದಕ್ಕೆ ಅರ್ಥವೇನು?

ಬೌದ್ಧರ ಉತ್ತರ ನಿಷ್ಠುರ. ಎಲ್ಲವೂ ಕ್ಷಣಿಕ, ಆದ್ದರಿಂದ ‘ಅದೇ’ ಎಂಬ ಗುರುತಿಕೆ ಸಾದೃಶ್ಯದಿಂದ ಹುಟ್ಟಿದ ಭ್ರಮೆ. ಕತ್ತರಿಸಿದ ಕೂದಲು, ಉಗುರು ಮತ್ತೆ ಬೆಳೆದಾಗಲೂ ಅದೇ ಕೂದಲು, ಅದೇ ಉಗುರು ಎನ್ನುತ್ತೇವಲ್ಲ, ಹಾಗೆ. ‘ಮಿಲಿಂದ ಪನ್ಹ’ದಲ್ಲಿ ನಾಗಸೇನ ಭಿಕ್ಷು ಮಿಲಿಂದ ರಾಜನನ್ನು ಕೇಳುತ್ತಾನೆ: ರಾತ್ರಿಯಿಡೀ ಉರಿಯುವ ದೀಪದ ಜ್ವಾಲೆ ಮೊದಲ ಜಾವದಲ್ಲಿ ಇದ್ದದ್ದೂ ಕೊನೆಯ ಜಾವದಲ್ಲಿ ಇದ್ದದ್ದೂ ಒಂದೆಯೇ? ಅದೇ ಗ್ರಂಥದಲ್ಲಿ ಅವನು ರಥವನ್ನು ಅಚ್ಚು, ಗಾಲಿ, ನೊಗ ಎಂದು ಬಿಡಿಸಿ ಬಿಡಿಸಿ, ರಥ ಎಲ್ಲಿದೆ ತೋರಿಸು ಎನ್ನುತ್ತಾನೆ. ಟ್ರಾಮಿನ ಮುಂದೆ ನಿಲ್ಲಿಸಿದ್ದರೂ ಅವನು ಇದನ್ನೇ ಕೇಳುತ್ತಿದ್ದ.

ಈ ಪ್ರಶ್ನೆಗೆ ನ್ಯೂ ಆರ್ಲಿಯನ್ಸ್ ಊರು ಒಂದು ವಿಚಿತ್ರ ಪರೀಕ್ಷೆ ಏರ್ಪಡಿಸಿಕೊಟ್ಟಿದೆ. ಅಲ್ಲಿನ ಕೆನಾಲ್ ಸ್ಟ್ರೀಟಿನ ಟ್ರಾಮನ್ನು 1964ರ ಮೇ ತಿಂಗಳಲ್ಲಿ ನಿಲ್ಲಿಸಿ ಬಸ್ಸು ಬಿಟ್ಟರು. ನಲವತ್ತು ವರ್ಷದ ಮೇಲೆ, 2004ರಲ್ಲಿ, ಅದೇ ಬೀದಿಯಲ್ಲಿ ಮತ್ತೆ ಟ್ರಾಂ ಓಡಿಸಿದರು. ಆರಿಸಿ ಮತ್ತೆ ಹಚ್ಚಿದ ದೀಪ. ನಾಗಸೇನನ ಜ್ವಾಲೆಯಲ್ಲಿ ಕಡೇಪಕ್ಷ ನಿರಂತರತೆಯಿತ್ತು, ಇಲ್ಲಿ ಅದೂ ಇಲ್ಲ. ಆದರೂ ಊರಿನವರು ಅದನ್ನು ‘ಮರಳಿ ಬಂದ’ ಟ್ರಾಂ ಎಂದೇ ಕರೆದರು.

ಇದೇ ಬೀದಿಯ ಟ್ರಾಮಿನ ಒಂದು ಚಿತ್ರ ಜಗತ್ಪ್ರಸಿದ್ಧ. ಛಾಯಾಗ್ರಾಹಕ ರಾಬರ್ಟ್ ಫ್ರಾಂಕ್ 1955ರ ನವೆಂಬರಿನಲ್ಲಿ ತೆಗೆದದ್ದು. ಸಾಲು ಕಿಟಕಿಗಳು, ಒಳಗಿಂದ ಹೊರಗೆ ನೋಡುವ ಮುಖಗಳು, ಮುಂದೆ ಬಿಳಿಯರು, ಹಿಂದೆ ಕರಿಯರು. ಜಾಗ ಯಾವುದೆಂದು ಪತ್ತೆ ಮಾಡಲು ನಕ್ಷೆ ಸಾಕು. ಆದರೆ ಆ ಟ್ರಾಮುಗಳ ಸೀಟಿನ ಬೆನ್ನಿಗೆ ಸಿಕ್ಕಿಸುವ ಮರದ ಫಲಕವೊಂದಿತ್ತು, ಅದರ ಹಿಂದೆ ಮಾತ್ರ ಕರಿಯರು ಕೂರಬೇಕಾಗಿತ್ತು, ಬಿಳಿಯರು ಹೆಚ್ಚಿದರೆ ಫಲಕ ಹಿಂದಕ್ಕೆ ಸರಿಯುತ್ತಿತ್ತು, 1958ರವರೆಗೂ ಇದೇ ಕಟ್ಟಳೆ ನಡೆದಿತ್ತು ಎಂಬುದು ಗೊತ್ತಿಲ್ಲದವರು ಆ ಚಿತ್ರದ ಜಾಗವನ್ನು ಗುರುತಿಸಿದ್ದಾರೆಯೇ? ಮೂರನೆಯ ಕಿಟಕಿಗೂ ನಾಲ್ಕನೆಯ ಕಿಟಕಿಗೂ ನಡುವೆ ಒಂದು ಗಡಿ ಇದೆ. ಯಾವ ನಕ್ಷೆಯಲ್ಲೂ ಅದು ಬರೆದಿಲ್ಲ. ಜಾಗವೆಂದರೆ ಅಕ್ಷಾಂಶ ರೇಖಾಂಶ ಮಾತ್ರವಲ್ಲ ಎನ್ನಲು ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ವೈಶೇಷಿಕರು ಈ ಪ್ರಶ್ನೆಯ ಸಮೀಪಕ್ಕೆ ಬಂದಿದ್ದರು. ಅವರ ಪ್ರಕಾರ ದಿಕ್ಕು ಎಂಬುದು ಒಂದೇ ಒಂದು, ಎಲ್ಲೆಲ್ಲೂ ಹರಡಿದ ನಿತ್ಯದ್ರವ್ಯ. ಪೂರ್ವ, ಪಶ್ಚಿಮ, ಹತ್ತಿರ, ದೂರ ಎಂಬುವೆಲ್ಲ ವಸ್ತುಗಳ ನಡುವಿನ ಸಂಬಂಧದಿಂದ ಅದಕ್ಕೆ ಅಂಟಿದ ಉಪಾಧಿಗಳು. ಪತ್ತೆ ಮಾಡುವವರ ಅನುಭವವೂ ಇದೇ. ಕಟ್ಟಡ ಉರುಳುತ್ತದೆ, ಅಂಗಡಿಯ ಬೋರ್ಡು ಬದಲಾಗುತ್ತದೆ, ಆದರೆ ಬೀದಿ ತಿರುಗುವ ಕೋನ, ಏರಿನ ಓಟ, ಎರಡು ರಸ್ತೆ ಕೂಡುವ ಮೂಲೆಯ ಚೂಪು, ಇವು ಹಟಮಾರಿ. ನ್ಯೂಯಾರ್ಕಿನ ಆ ಮೂಲೆಯಲ್ಲಿ ಬ್ರಾಡ್‌ವೇ ಮತ್ತು ಪಾರ್ಕ್ ರೋ ಇಂದಿಗೂ ಅದೇ ಓರೆಯಲ್ಲಿ ಕೂಡುತ್ತವೆ. ಆಸ್ಟರ್ ಹೌಸಿನ ನೆರೆಯಲ್ಲಿದ್ದ, 1766ರ ಸೇಂಟ್ ಪಾಲ್ಸ್ ಚಾಪೆಲ್ ಇಂದಿಗೂ ನಿಂತಿದೆ. ಸ್ಟೀಗ್ಲಿಟ್ಸನ ಚಿತ್ರದ ಚೌಕಟ್ಟಿನಲ್ಲಿ ಅದು ಇಲ್ಲ. ಚಿತ್ರದ ಹೊರಗಿರುವುದನ್ನು ಹಿಡಿದು ಒಳಗಿರುವುದರ ಜಾಗ ಹೇಳಬೇಕಾಗಿದೆ.

ಹೀಗೆ ನೋಡಿದಾಗ, ಟ್ರಾಂ ಚಿತ್ರದ ಪತ್ತೆಗೆ ಸರಿಯಾಗಿ ಹೊಂದುವ ವಿವರಣೆ ಜೈನ ತಾರ್ಕಿಕರದು. ನ್ಯಾಯಶಾಸ್ತ್ರದ ಪ್ರಕಾರ ಪ್ರತ್ಯಭಿಜ್ಞೆ ಪ್ರತ್ಯಕ್ಷದ್ದೇ ಒಂದು ಬಗೆ, ಹಿಂದೆ ಕಂಡದ್ದರ ಸಂಸ್ಕಾರ ಕಣ್ಣಿನ ಜೊತೆ ಕೈಜೋಡಿಸಿದಾಗ ಆಗುವಂಥದ್ದು. ಆದರೆ 1893ರ ಆ ಮೂಲೆಯನ್ನು ಕಂಡವರು ಯಾರೂ ಇಂದು ಬದುಕಿಲ್ಲ. ಯಾರ ಸಂಸ್ಕಾರ, ಯಾರ ನೆನಪು? ಎಂಟನೇ ಶತಮಾನದ ಅಕಲಂಕದೇವ ಪ್ರತ್ಯಭಿಜ್ಞೆಯನ್ನು ಪ್ರತ್ಯಕ್ಷದಿಂದ ಬಿಡಿಸಿ, ಪರೋಕ್ಷದ ಕೆಳಗೆ ಬೇರೆಯೇ ಪ್ರಮಾಣವಾಗಿ ನಿಲ್ಲಿಸಿದ. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಬೌದ್ಧರನ್ನು ಗೆದ್ದ ವಾದಿಯೆಂದು ಕೊಂಡಾಡುವ ಅಕಲಂಕ ಇವನೇ. ಅವನ ದಾರಿ ಹಿಡಿದ ಮಾಣಿಕ್ಯನಂದಿ ‘ಪರೀಕ್ಷಾಮುಖ’ದಲ್ಲಿ ಪ್ರತ್ಯಭಿಜ್ಞೆಯನ್ನು ಸಂಕಲನ ಎಂದು ಕರೆಯುತ್ತಾನೆ: ಕಂಡದ್ದನ್ನೂ ನೆನೆದದ್ದನ್ನೂ ಕೂಡಿಸಿ ಕಟ್ಟುವ ಕೆಲಸ. ‘ಇದು ಅದೇ’ ಎಂಬುದಷ್ಟೇ ಅಲ್ಲ, ‘ಇದು ಅದರಂತಿದೆ’, ‘ಇದು ಅದಕ್ಕಿಂತ ಬೇರೆ’, ‘ಇದು ಅದರಿಂದ ದೂರ’ ಎಂಬುವೂ ಅವನಿಗೆ ಪ್ರತ್ಯಭಿಜ್ಞೆಗಳೇ. ಹಳೆಯ ಚಿತ್ರವನ್ನು ಕೈಯಲ್ಲಿ ಹಿಡಿದು ಬೀದಿಯ ಮೂಲೆಯಲ್ಲಿ ನಿಂತವರು ಮಾಡುವುದು ನಿಖರವಾಗಿ ಈ ನಾಲ್ಕನ್ನೇ, ಒಂದಾದ ಮೇಲೊಂದು.

ಇನ್ನೊಂದು ಮಾತು. ನೆನಪು ಹಳೆಯ ಅನುಭವದ ಪುನರಾವರ್ತನೆ ಮಾತ್ರ, ಆದ್ದರಿಂದ ಪ್ರಮಾಣವಲ್ಲ ಎಂದು ನೈಯಾಯಿಕರು ಮೂಗು ಮುರಿದರು. ಜೈನರು ಒಪ್ಪಲಿಲ್ಲ. ಉಡುಪಿಯ ಮಧ್ವಾಚಾರ್ಯರೂ, ಅವರ ಮತವನ್ನು ‘ಪ್ರಮಾಣಪದ್ಧತಿ’ಯಲ್ಲಿ ಬಿಡಿಸಿಟ್ಟ ಜಯತೀರ್ಥರೂ ಒಪ್ಪಲಿಲ್ಲ. ಇದ್ದದ್ದನ್ನು ಇದ್ದಂತೆ ತಿಳಿಸುವುದಾದರೆ ನೆನಪೂ ಪ್ರಮಾಣವೇ ಎಂದರು. ಕನ್ನಡ ನಾಡಿನಲ್ಲಿ ಬೇರುಬಿಟ್ಟ, ಮಿಕ್ಕೆಲ್ಲ ವಿಷಯದಲ್ಲಿ ಎಣ್ಣೆ ಸೀಗೆಕಾಯಿಯಂತಿದ್ದ ಎರಡು ಮತಗಳು ನೆನಪಿನ ಮರ್ಯಾದೆ ಉಳಿಸುವ ವಿಷಯದಲ್ಲಿ ಒಂದೇ ಕಡೆ ನಿಂತವು.

ಬೆಂಗಳೂರಿಗೆ ಟ್ರಾಂ ಬರದಿದ್ದರೂ ಕನ್ನಡಿಗರಿಗೆ ಟ್ರಾಂ ಅಪರಿಚಿತವಲ್ಲ. ಮದ್ರಾಸಿನ ವಿದ್ಯುತ್ ಟ್ರಾಂ 1895ರಿಂದ 1953ರವರೆಗೆ ಓಡಿತು. ಅಷ್ಟೂ ಕಾಲ ಮಂಗಳೂರು, ಬಳ್ಳಾರಿ ಎರಡೂ ಮದ್ರಾಸಿನ ಆಡಳಿತದಲ್ಲೇ ಇದ್ದವು. ಮುಂಬಯಿಯಲ್ಲಿ 1874ರಲ್ಲಿ ಕುದುರೆಯಿಂದ ಶುರುವಾದ ಟ್ರಾಂ 1907ರಲ್ಲಿ ವಿದ್ಯುತ್ತಿಗೆ ತಿರುಗಿ, 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕೊನೆಯ ಸಲ ಓಡಿತು. ನ್ಯೂ ಆರ್ಲಿಯನ್ಸಿನ ಕೆನಾಲ್ ಸ್ಟ್ರೀಟಿನ ಟ್ರಾಂ ನಿಂತದ್ದು ಇದಾದ ಎರಡೇ ತಿಂಗಳಿಗೆ. ಮಾಟುಂಗದ ಉಡುಪಿ ಹೋಟೆಲುಗಳಿಗೆ ಹೋಗುವ ಕನ್ನಡಿಗರು ದಿನವೂ ದಾಟುವ ವೃತ್ತಕ್ಕೆ ಖೋದಾದಾದ್ ಸರ್ಕಲ್ ಎಂಬ ಹೆಸರಿದೆ. ಆದರೂ ಟ್ಯಾಕ್ಸಿಯವನಿಗೆ ‘ದಾದರ್ ಟೀಟೀ’ ಎಂದರೆ ಸಾಕು. ಟ್ರಾಂ ಟರ್ಮಿನಸ್ ಎಂಬುದರ ಗಿಡ್ಡ ರೂಪ ಅದು. ಹಳಿ ಹೋಗಿ ಅರವತ್ತು ವರ್ಷ ಕಳೆದಿದೆ, ಶಬ್ದ ಮಾತ್ರ ಅಲ್ಲೇ ನಿಂತಿದೆ.

ನಿಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಅಜ್ಜನೋ ದೊಡ್ಡಪ್ಪನೋ ಮುಂಬಯಿಯಲ್ಲಿ, ಮದ್ರಾಸಿನಲ್ಲಿ ಟ್ರಾಮಿನ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಇರಬಹುದು. ಗೊತ್ತಿದ್ದವರು ಇನ್ನೂ ಇದ್ದಾರೆಂದರೆ ಇವತ್ತೇ ಕೇಳಿ, ಫೋಟೊದ ಹಿಂದೆ ಮೆದು ಪೆನ್ಸಿಲಿನಿಂದ ಹಗುರವಾಗಿ ಬರೆದಿಡಿ: ಯಾವ ಊರು, ಯಾವ ಬೀದಿ, ಯಾವ ವರ್ಷ. ಇದನ್ನು ಹೇಳಿದವರು ಯಾರು, ತಾವೇ ಕಂಡು ಹೇಳಿದರೋ ಬೇರೆಯವರಿಂದ ಕೇಳಿ ಹೇಳಿದರೋ, ಅದನ್ನೂ ಬರೆಯಿರಿ.